ಸಣ್ಣ ಕೇಪಿನ ಓರ್ವಿಲ್

ಡ್ರೈ ಫೋರ್ಕ್ ಎಂಬ ನಮ್ಮೂರಿನಲ್ಲಿ ಎರಡು ಚರ್ಚುಗಳಿವೆ. ಅವೆರಡರ ನಡುವೆ ಜಗಳವಾದದ್ದು ಯಾರಿಗೂ ನೆನಪಿಲ್ಲ. ಜಗಳವೇನಿದ್ದರೂ ಸಣ್ಣ ಕೇಪಿನವರಿಗೂ ದೊಡ್ಡ ಕೇಪಿನವರಿಗೂ ಇತ್ತು. ಸಣ್ಣ ಕೇಪಿನ ಪಂಗಡಕ್ಕೆ ಓರ್ವಿಲ್ ಸ್ಟೆನೆರುಡ್ ಪೀಠಾಧಿಪತಿ. ದೊಡ್ಡ ಕೇಪಿನ ಪಂಗಡಕ್ಕೆ ಅವನ ಹೆಂಡತಿಯ ತಮ್ಮ ಗೇಲನ್ ಹೋವ್ಡೆ. ಎರಡೂ ಪಂಗಡಗಳ ಭಕ್ತರನ್ನು ಕೂಡಿಸಿದರೆ ಹನ್ನೊಂದು ಜನ. ಅವರಲ್ಲಿ ಇಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಒಬ್ಬ ಎರಡೂ ಕಡೆ ಕಾಫಿ ಕುಡಿಯುತ್ತಿದ್ದ.

ಹೊರಗಿನವರಿಗೆ ಇದು ಹುಚ್ಚಾಗಿ ಕಾಣಬಹುದು. ಕಾಣಲಿ. ತೋಟಾ ಎಂದರೆ ಒಂದು ಹಿತ್ತಾಳೆ ಚಿಪ್ಪು, ಅದರೊಳಗೆ ಮದ್ದು, ಬಾಯಲ್ಲಿ ಗುಂಡು, ಬುಡದ ಗುಣಿಯಲ್ಲಿ ಕೇಪು. ಟ್ರಿಗರ್ ಎಳೆದಾಗ ಸೂಜಿ ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿ ಮದ್ದಿಗೆ ತಗಲುತ್ತದೆ, ಗುಂಡು ಹೊರಡುತ್ತದೆ. ಹೊಡೆದುಳಿದ ಚಿಪ್ಪನ್ನು ಹೆಕ್ಕಿ ತಂದು, ಇಷ್ಟನ್ನೂ ಮನೆಯಲ್ಲೇ ಕೂತು ಮತ್ತೆ ತುಂಬಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಅಂಗಡಿಯ ತೋಟಾ ಬಳಸುವವನನ್ನೂ ಮನುಷ್ಯನೆಂದೇ ಒಪ್ಪುತ್ತೇವೆ, ಆದರೆ ಅವನಿಗೆ ಮಗಳನ್ನು ಕೊಡುವ ಮೊದಲು ಎರಡು ಸಲ ಯೋಚಿಸುತ್ತೇವೆ. ಓರ್ವಿಲ್ ಮತ್ತು ಗೇಲನ್ ಬಳಸುತ್ತಿದ್ದದ್ದು ಒಂದೇ ಅಳತೆಯ ರೈಫಲ್. ಆದರೆ ಆ ಅಳತೆಯ ಚಿಪ್ಪು ಎರಡು ಬಗೆಯಲ್ಲಿ ಸಿಗುತ್ತದೆ. ಒಂದರ ಬುಡದಲ್ಲಿ ಸಣ್ಣ ಕೇಪು ಕೂರುತ್ತದೆ, ಇನ್ನೊಂದರಲ್ಲಿ ದೊಡ್ಡದು. ಉಳಿದದ್ದೆಲ್ಲ ಒಂದೇ. ಜಗಳಕ್ಕೆ ಇದಕ್ಕಿಂತ ಹೆಚ್ಚು ಬೇಕೇ?

ಓರ್ವಿಲ್ ಮೂವತ್ತನಾಲ್ಕು ವರ್ಷ ಊರಿನ ಧಾನ್ಯದ ಗೋದಾಮಿನಲ್ಲಿ ತೂಕದ ಮನೆ ನೋಡಿಕೊಂಡವನು. ಲಾರಿಗಟ್ಟಲೆ ಗೋಧಿ ತೂಗಿ ತೂಗಿ, ನಿವೃತ್ತನಾದ ಮೇಲೆ ಮದ್ದಿನ ಒಂದೊಂದು ಕಾಳನ್ನು ಚಿಮಟಿಯಲ್ಲಿ ಹಿಡಿದು ತೂಗಲು ಕೂತ. ಹೆಂಡತಿ ಆರ್ಡಿಸ್ ಅಡುಗೆಮನೆಯ ಫ್ಯಾನು ಹಾಕಿದರೆ ತಕ್ಕಡಿ ಅಲ್ಲಾಡುತ್ತದೆಂದು ಕೂಗಾಡುತ್ತಿದ್ದ. ಭಾನುವಾರ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಸಾಲು ಸಾಲು ಓಡಾಡುವಾಗ ಅವನ ಮುಖ ನೋಡಿದರೆ ಸಂತನೆನ್ನಬೇಕು. ಸೋಮವಾರ ಕಾಫಿ ಅಂಗಡಿಯಲ್ಲಿ ಅವನ ಬಾಯಿ ಕೇಳಿದರೆ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು.

"ಸಣ್ಣ ಕೇಪು ಹದವಾಗಿ ಉರಿಯುತ್ತೆ ಕಣ್ರಯ್ಯಾ. ಹತ್ತು ಗುಂಡು ಹೊಡೀರಿ, ಹತ್ತೂ ಒಂದೇ ವೇಗ. ದೊಡ್ಡ ಕೇಪು ಹಾಕೋದು ದೀಪ ಹಚ್ಚೋಕೆ ಮನೆಗೆ ಬೆಂಕಿ ಇಟ್ಟ ಹಾಗೆ."

"ಆಯ್ತಪ್ಪ," ಎನ್ನುತ್ತಿದ್ದ ಗೇಲನ್, ಮೇಜಿನ ಆ ತುದಿಯಿಂದ. "ನಿನ್ನ ಸಣ್ಣ ಕೇಪು ಜುಲೈ ತಿಂಗಳ ಗಂಡಸು. ಜನವರಿ ಚಳೀಲಿ ಅದನ್ನ ಎಬ್ಬಿಸು ನೋಡೋಣ."

ಒಂಬತ್ತು ವರ್ಷದ ಹಿಂದೆ ಸಣ್ಣ ಕೇಪಿಗೆ ಮತಾಂತರವಾದ ದಿನ, ಓರ್ವಿಲ್ ತನ್ನ ಹಳೆಯ ದೊಡ್ಡ ಗುಣಿಯ ಚಿಪ್ಪುಗಳನ್ನೆಲ್ಲ ಒಂದು ಕಾಫಿ ಡಬ್ಬಕ್ಕೆ ತುಂಬಿ, ಎಲ್ಲರೆದುರು ಭಾವಮೈದನ ಮುಂದೆ ಕುಕ್ಕಿದ್ದ. "ತಗೋ, ಬಡವರಿಗೆ ದಾನ," ಎಂದಿದ್ದ. ಅದಾದ ಕೆಲವು ತಿಂಗಳಿಗೆ ಗೇಲನ್ ಅಭ್ಯಾಸದ ಮೈದಾನದಲ್ಲಿ ತನ್ನ ಚಿಪ್ಪುಗಳ ಜೊತೆ ಓರ್ವಿಲ್‌ನದೊಂದನ್ನು ಅರಿವಿಲ್ಲದೆ ಹೆಕ್ಕಿಕೊಂಡು ಹೋದ. ಸಣ್ಣ ಕೇಪಿನ ಚಿಪ್ಪಿನೊಳಗಿನ ಕಿಡಿ ಹೋಗುವ ತೂತೂ ಸಣ್ಣದು. ಹಳೆಯ ಕೇಪು ತಳ್ಳುವ ಗೇಲನ್‌ನ ಯಂತ್ರದ ಕಡ್ಡಿ ಅದರಲ್ಲಿ ಸಿಕ್ಕಿ ಮುರಿಯಿತು. ಮುರಿದ ಕಡ್ಡಿಯನ್ನು ಅವನು ಕಾಫಿ ಅಂಗಡಿಯ ಗೋಡೆಗೆ ಅಂಟಿಸಿ, ಕೆಳಗೆ 'ಸಣ್ಣ ಬುದ್ಧಿಯ ಬಲಿ' ಎಂದು ಬರೆದ. ಅದು ಈಗಲೂ ಅಲ್ಲೇ ಇದೆ.

ಹೀಗೆ ಸುಖವಾಗಿ ಜಗಳವಾಡಿಕೊಂಡಿದ್ದವರ ನಡುವೆ ಕಾಡುಟಗರು ಬಂದು ನಿಂತಿತು.

ಮಿಸೌರಿ ನದಿಯ ಕೊರಕಲುಗಳಲ್ಲಿರುವ ಆ ಸುರುಳಿಗೊಂಬಿನ ಟಗರನ್ನು ಹೊಡೆಯಲು ಸರ್ಕಾರದ ಟ್ಯಾಗು, ಅಂದರೆ ಪರವಾನಗಿ, ಬೇಕು. ಸಾವಿರಾರು ಜನ ಅರ್ಜಿ ಹಾಕುತ್ತಾರೆ, ಚೀಟಿ ಎತ್ತಿ ಬೆರಳೆಣಿಕೆಯಷ್ಟು ಮಂದಿಗೆ ಕೊಡುತ್ತಾರೆ. ಓರ್ವಿಲ್ ಮೂವತ್ತೊಂದು ವರ್ಷ ಬಿಡದೆ ಅರ್ಜಿ ಹಾಕಿದ್ದ. ಜೊತೆಗೆ ಅರ್ಜಿ ಹಾಕಲು ಶುರುಮಾಡಿದವರಲ್ಲಿ ಅರ್ಧ ಜನ ಚರ್ಚಿನ ಹಿತ್ತಲಲ್ಲಿ ಮಲಗಿದ್ದರು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಟ್ಯಾಗು ಬಂತು. ಓರ್ವಿಲ್ ಆ ಕಾಗದ ಹಿಡಿದು ಅಡುಗೆಮನೆಯಲ್ಲಿ ಕೂತು ಅತ್ತ. ಮದುವೆಯ ದಿನವೂ ಅವನು ಅತ್ತಿರಲಿಲ್ಲವೆಂದು ಆರ್ಡಿಸ್ ಊರಿಗೆಲ್ಲ ಹೇಳಿಕೊಂಡು ಬಂದಳು.

"ಯಾವ ಕೇಪು?" ಎಂದು ಕಾಫಿ ಅಂಗಡಿಯಲ್ಲಿ ಮೊದಲು ಕೇಳಿದವನು ಗೇಲನ್.

"ಅದೇನು ಕೇಳೋ ಮಾತಾ? ಸಣ್ಣದು."

"ಟಗರುಗಳು ಬೆದೆಗೆ ಬಂದು ಬೆಟ್ಟದ ಮೇಲೆ ಕಾಣಿಸ್ಕೊಳ್ಳೋದು ನವೆಂಬರ್ ಕೊನೇಲಿ. ಆಗ ಸೊನ್ನೆಗಿಂತ ಇಪ್ಪತ್ತು ಕೆಳಗಿರುತ್ತೆ. ಕ್ಲಿಕ್ ಅಂದ್ರೆ ಏನ್ ಮಾಡ್ತೀಯ, ಟಗರಿಗೆ ಸಾರಿ ಕೇಳ್ತೀಯಾ?"

"ಕ್ಲಿಕ್ ಅಂದ್ರೆ ನಾನು ಈ ಅಂಗಡೀಲಿ ಎಲ್ಲರ ಮುಂದೆ ದೊಡ್ಡ ಕೇಪಿನ ಪಾದ ಮುಟ್ಟಿ ನಮಸ್ಕಾರ ಮಾಡ್ತೀನಿ," ಎಂದ ಓರ್ವಿಲ್. ಹನ್ನೊಂದು ಭಕ್ತರಿಗೂ ಅದು ಕೇಳಿಸಿತು, ಕಿವುಡರಿಗೂ ಸಹ.

ಆಡಿದ ಮಾತು ಅವನನ್ನೇ ಕುಟುಕತೊಡಗಿತು. ಅಕ್ಟೋಬರಿನ ಒಂದು ಬೆಳಿಗ್ಗೆ ಓರ್ವಿಲ್ ಹತ್ತು ತೋಟಾಗಳನ್ನು ಡಬ್ಬಿಯಲ್ಲಿಟ್ಟು ನೆಲಮಾಳಿಗೆಯ ಡೀಪ್ ಫ್ರೀಜರಿನಲ್ಲಿ, ಜಿಂಕೆಯ ಮಾಂಸಕ್ಕೂ ಆರ್ಡಿಸ್ ಹೆಚ್ಚಿಟ್ಟ ರುಬಾರ್ಬ್ ದಂಟಿಗೂ ನಡುವೆ ತುರುಕಿದ. ಮೂರು ದಿನ ಬಿಟ್ಟು ತೆಗೆದು, ಕೊಟ್ಟಿಗೆಯ ಹಿಂದೆ ಹೋಗಿ ಮಣ್ಣಿನ ದಿಣ್ಣೆಗೆ ಹೊಡೆದ. ಎಂಟು ಸರಿಯಾಗಿ ಸಿಡಿದವು. ಒಂಬತ್ತನೆಯದು 'ಕ್ಲಿಕ್' ಎಂದು, ಯೋಚನೆ ಮಾಡಿ, ಆಮೇಲೆ 'ಢಂ' ಎಂದಿತು. ಹತ್ತನೆಯದು ಬರೀ ಕ್ಲಿಕ್. ಓರ್ವಿಲ್ ರೈಫಲನ್ನು ದಿಣ್ಣೆಯ ಕಡೆಗೇ ಹಿಡಿದು ಬಹಳ ಹೊತ್ತು ಕಾದ. ಅದು ಏನೂ ಹೇಳಲಿಲ್ಲ.

ಹತ್ತಕ್ಕೆ ಎರಡು. ತೂಕದ ಮನೆಯಲ್ಲಿ ಇಷ್ಟು ವ್ಯತ್ಯಾಸ ಬಂದಿದ್ದರೆ ಅವನು ತಕ್ಕಡಿಯನ್ನೇ ಒದ್ದು ಹೊರಗೆ ಹಾಕಿಸುತ್ತಿದ್ದ.

"ಅದರಲ್ಲೇನು, ಗೇಲನ್‌ನ ಕೇಳು. ದೊಡ್ಡ ಕೇಪು ಕೊಡ್ತಾನೆ," ಎಂದಳು ಆರ್ಡಿಸ್. ಆ ವರ್ಷ ಅಂಗಡಿಗಳಲ್ಲಿ ಕೇಪು ಕಣ್ಣಿಗೆ ಬೀಳುತ್ತಿರಲಿಲ್ಲ. ಊರಿನಲ್ಲಿ ದೊಡ್ಡ ಕೇಪು ಇದ್ದದ್ದು ಗೇಲನ್‌ನ ಶೆಡ್ಡಿನಲ್ಲಿ ಮಾತ್ರ.

"ಅವನ್ನ ಕೇಳೋದಕ್ಕಿಂತ ಕದಿಯೋದು ವಾಸಿ."

"ಹಾಗಾದ್ರೆ ಅವನು ತುಂಬಿರೋ ತೋಟಾನೇ ನಾಲ್ಕು ಎತ್ಕೊಂಡು ಬಾ, ಕೆಲಸ ಮುಗೀತು."

ಓರ್ವಿಲ್ ಹೆಂಡತಿಯನ್ನು ನೋಡಿದ ನೋಟದಲ್ಲಿ ನಲವತ್ತು ವರ್ಷದ ದಾಂಪತ್ಯ ಅಲುಗಾಡಿತು. "ಇನ್ನೊಬ್ಬ ತುಂಬಿದ ತೋಟಾನ ನನ್ನ ರೈಫಲ್‌ಗೆ ಹಾಕ್ಲಾ? ಇನ್ನೊಬ್ಬನ ಹಲ್ಲುಜ್ಜೋ ಬ್ರಶ್ ಬಾಯಿಗೆ ಹಾಕ್ಕೋ ಅಂತೀಯಲ್ಲೇ!"

ಕದಿಯುವುದಕ್ಕೆ ಅಭ್ಯಂತರವಿಲ್ಲ, ಎಂಜಲು ಮಾತ್ರ ಆಗದು. ನಮ್ಮ ಜನರ ಮಡಿ ಅಂಥದ್ದು.

ನವೆಂಬರ್ ಮೊದಲ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಲೂಟಫಿಸ್ಕ್ ಊಟ. ಕ್ಷಾರದಲ್ಲಿ ನೆನೆಸಿ ಬೇಯಿಸಿದ ಆ ಮೀನು ತಟ್ಟೆಯಲ್ಲಿ ತಾನೇ ತಾನಾಗಿ ನಡುಗುತ್ತದೆ. ತಿನ್ನುವವರು ಪೂರ್ವಿಕರ ಮೇಲಿನ ಗೌರವದಿಂದ ತಿನ್ನುತ್ತಾರೆ. ಅದನ್ನು ಬೇಯಿಸುವ ಹಕ್ಕು ಇಪ್ಪತ್ತು ವರ್ಷದಿಂದ ಗೇಲನ್‌ನದು. ಅವನು ಏಪ್ರನ್ ಕಟ್ಟಿಕೊಂಡು ಹಬೆಯಲ್ಲಿ ನಿಂತಿದ್ದಾಗ, ಓರ್ವಿಲ್ ಹೊಟ್ಟೆ ಹಿಡಿದುಕೊಂಡು ಮೇಲೆದ್ದ. ಆ ಊಟದ ದಿನ ಹಾಗೆ ಏಳುವವರನ್ನು ಯಾರೂ ಏಕೆಂದು ಕೇಳುವುದಿಲ್ಲ.

ಗೇಲನ್‌ನ ಶೆಡ್ಡಿಗೆ ಬೀಗವಿಲ್ಲ. ನಮ್ಮೂರಿನಲ್ಲಿ ಯಾರ ಶೆಡ್ಡಿಗೂ ಬೀಗವಿಲ್ಲ, ಏಕೆಂದರೆ ಇಲ್ಲಿ ಕಳ್ಳರಿಲ್ಲ. ಚರ್ಚಿನ ಕಾಣಿಕೆ ತಟ್ಟೆ ಹಿಡಿಯುವ ಓರ್ವಿಲ್ ಒಳಗೆ ಹೋಗಿ ದೀಪ ಹಾಕಿದ. ಎದುರಿನ ಕಪಾಟಿನಲ್ಲಿ ಅವನ ದಾನದ ಕಾಫಿ ಡಬ್ಬ ಹಾಗೇ ಇತ್ತು. 'ನಂದೇ ತಾನೆ' ಎಂದು ಸಮಾಧಾನ ಹೇಳಿಕೊಂಡು ಇಪ್ಪತ್ತು ಚಿಪ್ಪು ಎಣಿಸಿ ಜೇಬಿಗಿಳಿಸಿದ. ಇನ್ನು ಕೇಪು. ಮೊದಲ ಡ್ರಾಯರಿನಲ್ಲಿ ಗುಂಡು. ಎರಡನೆಯದರಲ್ಲಿ ದೊಡ್ಡ ಕೇಪು, ಇಪ್ಪತ್ತು ತೆಗೆದುಕೊಂಡ. ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬೇಕಿತ್ತು. ಆದರೆ ಕದಿಯಲು ಬಂದವನಿಗೆ ಮೂರನೆಯ ಡ್ರಾಯರ್ ಎಳೆಯದೆ ಇರಲಾದೀತೇ?

ಮೂರನೆಯ ಡ್ರಾಯರಿನಲ್ಲಿ ಸಣ್ಣ ಕೇಪುಗಳಿದ್ದವು. ಒಂದು ಸಾವಿರ. ಪಕ್ಕದಲ್ಲಿ ಸಣ್ಣ ಗುಣಿಯ ಚಿಪ್ಪುಗಳು, ಬಳಸಿ ಬಳಸಿ ಕಪ್ಪಾದವು. ಒಂದು ಚೀಟಿಯಲ್ಲಿ ಗೇಲನ್‌ನ ದುಂಡು ಅಕ್ಷರ: 'ಬೇಸಿಗೆ ಪಂದ್ಯ, ಹತ್ತೂ ಒಂದೇ ವೇಗ!'

ಕಳೆದೆರಡು ಬೇಸಿಗೆಯೂ ಊರಿನ ಗುರಿ ಪಂದ್ಯದಲ್ಲಿ ಓರ್ವಿಲ್‌ನನ್ನು ಸೋಲಿಸಿ, "ದೊಡ್ಡ ಕೇಪಿಗೆ ಜೈ" ಎಂದು ಕುಣಿದಿದ್ದವನು ಇವನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಓರ್ವಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಈಗಲೇ ಚರ್ಚಿಗೆ ಓಡಿ, ಆ ಮೀನಿನ ಪಾತ್ರೆಯ ಮುಂದೆಯೇ ಇವನ ಬಣ್ಣ ಬಯಲು ಮಾಡಬೇಕೆನ್ನಿಸಿತು. ಬಾಗಿಲವರೆಗೆ ಹೋದ ಮೇಲೆ ಹೊಳೆಯಿತು: ನೀನು ಹೇಗೆ ನೋಡಿದೆ ಎಂದು ಯಾರಾದರೂ ಕೇಳಿದರೆ? ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು ಅವನ ಸ್ಥಿತಿ. ದೀಪ ಆರಿಸಿ, ಚರ್ಚಿಗೆ ವಾಪಸು ಬಂದು, ಆ ಮೀನನ್ನೇ ಇನ್ನೊಂದು ತಟ್ಟೆ ತಿಂದ.

ಇಪ್ಪತ್ತು ತೋಟಾ ತುಂಬಿದ. ಆರನ್ನು ಕೊಟ್ಟಿಗೆಯ ಹಿಂದೆ ಗುರಿ ಸರಿಪಡಿಸಲು ಬಳಸಿದ, ನಾಲ್ಕನ್ನು ರುಬಾರ್ಬಿನ ಪಕ್ಕ ಮಲಗಿಸಿ ಪರೀಕ್ಷಿಸಿದ. ಒಂದೂ ಕೈಕೊಡಲಿಲ್ಲ. ಉಳಿದ ಹತ್ತನ್ನು ಪೆಟ್ಟಿಗೆಗೆ ಜೋಡಿಸುವಾಗ ಆರ್ಡಿಸ್ ಪಕ್ಕದಲ್ಲೇ ಲೆಫ್ಸೆ ಎಂಬ ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದಳು.

"ಯಾವಾಗ್ಲೂ ಗುಂಡು ಕೆಳಗೆ, ಬುಡ ಮೇಲೆ ಇಡ್ತಿದ್ದೆಯಲ್ಲ? ಸಣ್ಣ ಕೇಪು ಲೋಕಕ್ಕೆಲ್ಲ ಕಾಣ್ಲಿ ಅಂತ?"

"ಈ ಸಲ ಗುಂಡು ಮೇಲೆ."

"ಯಾಕೆ?"

"ಸುಮ್ನೆ."

ಆರ್ಡಿಸ್ ಲಟ್ಟಣಿಗೆ ನಿಲ್ಲಿಸಿ ಗಂಡನನ್ನು ನೋಡಿದಳು. ಅವಳು ನಕ್ಕದ್ದು ಅವನ ಬೆನ್ನಿಗೆ ಗೊತ್ತಾಯಿತು.

ಮೂವತ್ತೊಂದು ವರ್ಷ ಕಾದ ಬೇಟೆಗೆ ಒಬ್ಬನೇ ಹೋಗುವಂತಿಲ್ಲ. ಹೊಡೆದ ಮೇಲೆ ಹೊರಬೇಕಲ್ಲ. ಹೊರುವ ಶಕ್ತಿಯಿರುವ ನೆಂಟ ಗೇಲನ್ ಒಬ್ಬನೇ. ನವೆಂಬರ್ ಕೊನೆಯ ಶನಿವಾರ, ಬೇಟೆಯ ಗಡುವು ಮುಗಿಯಲು ಒಂದು ದಿನವಿರುವಾಗ, ಇಬ್ಬರೂ ಕೊರಕಲಿನ ಅಂಚಿನಲ್ಲಿ ಪಿಕಪ್ ನಿಲ್ಲಿಸಿ ನಡೆದರು. ಸೊನ್ನೆಯ ಕೆಳಗೆ ಇಪ್ಪತ್ತೆರಡು. ಮೂಗಿನೊಳಗಿನ ಕೂದಲು ಗಾಜಿನ ಚೂರಿನಂತೆ ಚುಚ್ಚುತ್ತಿತ್ತು. ದೂರದಲ್ಲಿ ಟಗರುಗಳು ತಲೆಗೆ ತಲೆ ಹೊಡೆಯುವ ಸದ್ದು ಕೇಳಿಸುತ್ತಿತ್ತು.

"ನಿನ್ನ ಸಣ್ಣವು ಎಚ್ಚರವಾಗಿವೆಯಾ?" ಎಂದ ಗೇಲನ್.

"ನಿನ್ನ ಬಾಯಿಗಿಂತ ಮೊದಲೇ ಎದ್ದಿವೆ."

"ಪೆಟ್ಟಿಗೇಲಿ ಈ ಸಲ ಗುಂಡು ಮೇಲೆ ಇಟ್ಟಿದ್ದೀಯ. ಶೀರ್ಷಾಸನ ಬಿಡಿಸಿದ್ಯಾ?"

ಓರ್ವಿಲ್ ಕೇಳಿಸದವನಂತೆ ಮುಂದೆ ನಡೆದ. ಅವನ ಶ್ರವಣಯಂತ್ರ ಬೇಕಾದಾಗ ಕೆಡುತ್ತದೆ.

ಹತ್ತು ಗಂಟೆಯ ಸುಮಾರಿಗೆ ದಿಣ್ಣೆಯೊಂದರ ಮೇಲೆ ತೆವಳಿ ತಲೆಯೆತ್ತಿದಾಗ, ಎದುರಿನ ಬೆಟ್ಟದ ಏಣಿನಲ್ಲಿ ಅದು ನಿಂತಿತ್ತು. ಮುನ್ನೂರು ಗಜ. ಕಡು ಕಂದು ಮೈ, ಬಿಳಿ ಹಿಂಬದಿ, ಎರಡೂ ಕೊಂಬು ಒಂದು ಸುತ್ತು ಸುತ್ತಿ ಕೆನ್ನೆಯ ಹತ್ತಿರ ಬಂದು ತುದಿ ಜಜ್ಜಿಹೋಗಿದ್ದವು. ಒಂಟಿಯಾಗಿ, ಅಡ್ಡಲಾಗಿ, ಚಿತ್ರಕ್ಕೆ ನಿಂತ ಹಾಗೆ. ಓರ್ವಿಲ್‌ನ ಕಣ್ಣು ಮಂಜಾಯಿತು. ಇಷ್ಟು ಚಂದವಿರುತ್ತದೆಂದು ಅವನು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅಂದುಕೊಂಡಿರಲಿಲ್ಲ.

ಬೆನ್ನುಚೀಲದ ಮೇಲೆ ರೈಫಲ್ ಇಟ್ಟು ಮಲಗಿದ. ಗೇಲನ್ ಪಕ್ಕದಲ್ಲಿ ದುರ್ಬೀನು ಹಿಡಿದು ಕೂತ. ಓರ್ವಿಲ್ ಉಸಿರು ಬಿಟ್ಟ, ಅರ್ಧಕ್ಕೆ ಹಿಡಿದ, ಟ್ರಿಗರ್ ಎಳೆದ.

ಕ್ಲಿಕ್ ಅನ್ನಲಿಲ್ಲ. ಕೊರಕಲು ಪೂರ್ತಿ ಮೊಳಗುವಂತೆ ಢಂ ಎಂದಿತು. ದೊಡ್ಡ ಕೇಪು ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡಿತ್ತು. ತಪ್ಪಿದ್ದು ಓರ್ವಿಲ್‌ನ ಗುರಿ.

"ಮೇಲೆ ಹೋಯ್ತು! ಬೆನ್ನ ಮೇಲೆ ಒಂದು ಮೊಳ! ನಿಂತಿದೆ, ಇನ್ನೂ ನಿಂತಿದೆ!" ಎಂದ ಗೇಲನ್, ದುರ್ಬೀನಿನಿಂದ ಕಣ್ಣು ತೆಗೆಯದೆ.

ಓರ್ವಿಲ್ ಅಭ್ಯಾಸಬಲದಿಂದ ಬೋಲ್ಟ್ ಎಳೆದು ತಳ್ಳಿದ. ಹೊಸ ತೋಟಾ ಒಳಗೆ ಹೋಯಿತು. ಹಳೆಯ ಚಿಪ್ಪು ಹಾರಿ, ಬಿಸಿಲಲ್ಲಿ ಒಮ್ಮೆ ಮಿಂಚಿ, ಗೇಲನ್‌ನ ಮೊಣಕಾಲಿನ ಪಕ್ಕ ಹಿಮದಲ್ಲಿ ಬಿತ್ತು. ಬುಡ ಮೇಲಾಗಿ.

ಎದುರಿಗೆ ಟಗರು ನಿಂತಿದೆ. ರೈಫಲ್ ತುಂಬಿದೆ. ಆ ಗಳಿಗೆಯಲ್ಲಿ ಓರ್ವಿಲ್‌ನ ತಲೆಯಲ್ಲಿದ್ದದ್ದು ಮಾತ್ರ ಬೇರೆ. ಗೇಲನ್ ಈಗ ಕೆಳಗೆ ನೋಡಿದರೆ? ಕಾಫಿ ಅಂಗಡಿ, ಗೋಡೆಯ ಮೇಲಿನ ಕಡ್ಡಿ, ಹನ್ನೊಂದು ಭಕ್ತರು, ದೊಡ್ಡ ಕೇಪಿಗೆ ನಮಸ್ಕಾರ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ರೈಫಲ್ ಬಿಟ್ಟು ಚಿಪ್ಪಿನ ಮೇಲೆ ಹಾರಿದ.

ಕಾದ ಹಿತ್ತಾಳೆ ಹಿಮ ಕರಗಿಸಿಕೊಂಡು ಆಗಲೇ ಒಳಗೆ ಇಳಿದಿತ್ತು. ಮೇಲೆ ಒಂದು ಬೆರಳಗಲದ ತೂತು ಮಾತ್ರ. ಓರ್ವಿಲ್ ನಾಯಿಯಂತೆ ಎರಡೂ ಕೈಯಲ್ಲಿ ಹಿಮ ಕೆದರತೊಡಗಿದ.

"ಹೊಡಿಯೋ! ನಮ್ಮನ್ನೇ ನೋಡ್ತಿದೆ, ಹೊಡಿ!" ಎಂದು ಕೂಗಿ ಗೇಲನ್ ಪಕ್ಕಕ್ಕೆ ತಿರುಗಿದ. ಭಾವ ಮೊಣಕಾಲ ಮೇಲಿದ್ದ. "ಏನ್ ಹುಡುಕ್ತಿದ್ದೀಯ ಮಾರಾಯ?"

"ಚಿಪ್ಪು."

ಬೇರೆ ಯಾವನೇ ಆಗಿದ್ದರೆ ಅವನ ಕತ್ತು ಹಿಡಿದು ರೈಫಲಿನ ಮುಂದೆ ಕೂರಿಸುತ್ತಿದ್ದ. ಆದರೆ ಗೇಲನ್ ಕೂಡ ನಲವತ್ತು ವರ್ಷ ತೋಟಾ ತುಂಬಿದವನು. ಬಿದ್ದ ಚಿಪ್ಪನ್ನು ಬಿಟ್ಟುಬಂದ ದಿನ ಅವನ ಬಾಳಿನಲ್ಲೇ ಇಲ್ಲ. 'ಚಿಪ್ಪು' ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ತಾನಾಗಿ ಕೆಳಗೆ ಹೋಯಿತು. ದುರ್ಬೀನು ಎದೆಗೆ ಜೋತುಬಿತ್ತು. ಇಬ್ಬರೂ ಕೆದರಿದರು. ಸಿಕ್ಕಿದ್ದು ಗೇಲನ್‌ನ ಕೈಗೆ.

ಬುಡ ತಿರುಗಿಸಿ ನೋಡಿದ. ನೋಡುತ್ತಲೇ ಇದ್ದ.

ಆಮೇಲೆ ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಏಣಿನ ಮೇಲೆ ಆಕಾಶ ಮಾತ್ರ ಇತ್ತು.

ಅವತ್ತು ಸಂಜೆವರೆಗೂ, ಮಾರನೆಯ ದಿನವಿಡೀ ಹುಡುಕಿದರು. ಟಗರು ಅವರಿಗಿಂತ ಬುದ್ಧಿವಂತ, ಮತ್ತೆ ಮುಖ ತೋರಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಡುವು ಮುಗಿದ ಮೇಲೆ ಪಿಕಪ್ಪಿನಲ್ಲಿ ಹೀಟರ್ ಹಾಕಿಕೊಂಡು ಕೂತಾಗ ಗೇಲನ್ ಬಾಯಿ ಬಿಟ್ಟ.

"ನನ್ನ ಕಾಫಿ ಡಬ್ಬದ್ದು ಇದು."

"ನನ್ನ ಡಬ್ಬ."

"ಕೇಪು?"

"ಅದು ನಿಂದು. ಎರಡನೇ ಡ್ರಾಯರ್."

ಗೇಲನ್ ಗಾಜಿನಾಚೆ ನೋಡಿದ. "ಮೂರನೇದನ್ನೂ ತೆಗೆದ್ಯಾ?"

"ಹತ್ತೂ ಒಂದೇ ವೇಗ," ಎಂದ ಓರ್ವಿಲ್.

ಗೇಲನ್ ಹೀಟರಿನ ಗುಂಡಿಯನ್ನು ಅತ್ತಿತ್ತ ತಿರುಗಿಸಿದ. "ಲೂಟಫಿಸ್ಕ್ ದಿನ ಶೆಡ್ಡಿನ ಮುಂದೆ ನಿನ್ನ ಬೂಟಿನ ಗುರುತಿತ್ತು," ಎಂದ ಗೇಲನ್ ಕೊನೆಗೆ. "ಕೇಳಿದ್ರೆ ಡ್ರಾಯರ್ ವಿಷಯ ಬರುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ನಾನು ಅವತ್ತೇ ಕೇಳಿಬಿಟ್ಟಿದ್ರೆ ನೀನು ನಿನ್ನೆ ಹಿಮ ಕೆದರ್ತಿರ್ಲಿಲ್ಲ." ಓರ್ವಿಲ್ ಅವನ ತೊಡೆಗೆ ಒಂದು ಏಟು ಹಾಕಿ, "ಗಾಡಿ ಓಡ್ಸು," ಎಂದ.

ಊರಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಚರ್ಚೆಯಾಯಿತು. ಸಣ್ಣ ಕೇಪು ತಪ್ಪಿತೆಂದರೆ ಓರ್ವಿಲ್‌ಗೆ ಅವಮಾನ, ದೊಡ್ಡದು ತಪ್ಪಿತೆಂದರೆ ಗೇಲನ್‌ಗೆ. ಕೊನೆಗೆ ಟಗರೇ ಕಾಣಿಸಲಿಲ್ಲವೆಂದು ಒಪ್ಪಂದವಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡಿ.

ಆದರೆ ಆರ್ಡಿಸ್‌ಗೆ ಸುಳ್ಳು ಹೇಳಲು ಓರ್ವಿಲ್‌ಗೆ ಆಗಲಿಲ್ಲ. ಬೂಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. "ಗುರಿ ತಪ್ಪಿದ್ದಕ್ಕೆ ಬೇಜಾರಿಲ್ಲ ಆರ್ಡಿಸ್. ಯಾರಿಗಾದ್ರೂ ತಪ್ಪುತ್ತೆ. ಆದ್ರೆ ಅದು ನಿಂತಿತ್ತು ಕಣೇ. ನನ್ನನ್ನೇ ನೋಡ್ಕೊಂಡು ನಿಂತಿತ್ತು. ಮೂವತ್ತೊಂದು ವರ್ಷ ಅದಕ್ಕೇ ಕಾದು, ಅದು ನಿಂತಾಗ ನಾನು ಬೇರೆ ಕಡೆ ನೋಡ್ತಿದ್ದೆ." ಆರ್ಡಿಸ್ ಅವತ್ತು ಊರಿಗೆ ಏನೂ ಹೇಳಲಿಲ್ಲ. ಈ ಕತೆ ಹೊರಬಿದ್ದದ್ದು ಎರಡು ವರ್ಷದ ಮೇಲೆ, ಓರ್ವಿಲ್‌ನ ಬಾಯಿಂದಲೇ, ಕಾಫಿ ಅಂಗಡಿಯಲ್ಲಿ. ಗೇಲನ್ ಎದ್ದು ನಿಂತು ಮೂರನೆಯ ಡ್ರಾಯರಿನ ಕತೆಯನ್ನು ತಾನೇ ಹೇಳಿದ. ಅಂದಿನಿಂದ ಪಂಗಡಗಳು ಬರಖಾಸ್ತಾದವು. ಭಕ್ತರಿಗೆ ಬೆಳಗಿನ ಹೊತ್ತು ಕಳೆಯುವುದೇ ಕಷ್ಟವಾಗಿದೆ.

ಒಮ್ಮೆ ಟ್ಯಾಗು ಸಿಕ್ಕವರು, ಟಗರು ಸಿಗಲಿ ಬಿಡಲಿ, ಏಳು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಆ ಏಳು ವರ್ಷ ಈ ವಸಂತಕ್ಕೆ ಮುಗಿಯಿತು. ಓರ್ವಿಲ್‌ಗೆ ಈಗ ಎಪ್ಪತ್ತೊಂದು, ಮಂಡಿ ಒಂದು ಆಸ್ಪತ್ರೆಯವರು ಮಾಡಿಕೊಟ್ಟದ್ದು. ಅರ್ಜಿ ತುಂಬುವಾಗ ಗೇಲನ್ ಪಕ್ಕದಲ್ಲಿ ಕೂತು ಕಾಗುಣಿತ ತಿದ್ದುತ್ತಿದ್ದ. ಇಬ್ಬರೂ ಈಗ ಒಂದೇ ಶೆಡ್ಡಿನಲ್ಲಿ ತೋಟಾ ತುಂಬುತ್ತಾರೆ, ಆದರೆ ಇವತ್ತಿಗೂ ಒಬ್ಬನದನ್ನು ಇನ್ನೊಬ್ಬ ಮುಟ್ಟುವುದಿಲ್ಲ.

"ಅಕಸ್ಮಾತ್ ಬಂತು ಅಂದ್ಕೋ," ಎಂದಳು ಆರ್ಡಿಸ್. "ಈ ಸಲ ಯಾವ ಕೇಪು?"

ಓರ್ವಿಲ್ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ.

"ಯಾವುದಾದ್ರೂ ಆಗ್ಲಿ. ಚಿಪ್ಪು ಮಾತ್ರ ಹೆಕ್ಕಲ್ಲ."